ಹೈಬ್ರಿಡ್ ಜೋಳದ ತವರಿನಲ್ಲಿ ಏಳು ದಿನ

ಮೊದಲ ದಿನ, ಸೋಮವಾರ

ಧಾರವಾಡದ ಕೃಷಿ ಕಾಲೇಜಿನಲ್ಲಿ ನಾನು ಓದುತ್ತಿದ್ದ ದಿನಗಳಲ್ಲಿ ವಿಸ್ತರಣಾ ಶಿಕ್ಷಣದ, ಅಂದರೆ ಬೇಸಾಯದ ಹೊಸ ತಿಳಿವನ್ನು ರೈತರ ಹೊಲಕ್ಕೆ ಮುಟ್ಟಿಸುವ ವಿದ್ಯೆಯ, ಮೇಷ್ಟ್ರು ವರ್ಷದ ಮೊದಲ ತರಗತಿಗೆ ಬಂದವರೇ ಕರಿಹಲಗೆಯ ಮೇಲೆ ಒಂದೇ ಒಂದು ಇಸವಿಯನ್ನು ಬರೆದು ಸುಮ್ಮನೆ ನಿಲ್ಲುತ್ತಿದ್ದರು: 1862. ಆ ವರ್ಷದ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆಯು ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸಂಸತ್ ಸದಸ್ಯನ ಲೆಕ್ಕದಲ್ಲಿ 30,000 ಎಕರೆ ಸರ್ಕಾರಿ ಭೂಮಿಯನ್ನು ಕೊಟ್ಟು, ಅದನ್ನು ಮಾರಿ ಬಂದ ಹಣವನ್ನು ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ದುಡಿಯುವ ಜನರ ಮಕ್ಕಳಿಗೆ ಬೇಸಾಯ ಮತ್ತು ಯಂತ್ರವಿದ್ಯೆಯನ್ನು ಕಲಿಸುವ ಕಾಲೇಜು ನಡೆಸಬೇಕೆಂದು ಹೇಳಿತು; ಜೊತೆಗೆ ಸೈನಿಕ ತರಬೇತಿಯೂ ಇರಬೇಕೆಂದಿತು. ಹೀಗೆ ಹುಟ್ಟಿದವೇ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1964ರಲ್ಲಿ ಆರಂಭವಾದದ್ದು ಅದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಮಾಡಿನ ಕೆಳಗಿರಬೇಕೆಂಬ ಮಾತನ್ನು ಪರೀಕ್ಷೆಗಾಗಿ ಉರುಹೊಡೆದು, ಮುಂದೆ ಮೂರು ದಶಕಗಳ ಕಾಲ ಆ ಮೂರನೆಯದರ ಸಂಬಳವನ್ನು ತಿಂದವನು ನಾನು. ಹಾಗಾಗಿ ಹ್ಯೂಸ್ಟನ್‌ನಲ್ಲಿರುವ ತಂಗಿಯ ಮಗ ಅಕ್ಟೋಬರ್ ಮೊದಲ ವಾರದಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು ಎಲ್ಲಿಗೆ ಹೋಗೋಣವೆಂದು ಕೇಳಿದಾಗ, ಸಮುದ್ರ ದಂಡೆಯನ್ನೂ ಬಾಹ್ಯಾಕಾಶ ಕೇಂದ್ರವನ್ನೂ ಬಿಟ್ಟು, ಅವನು ಓದಿದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯವನ್ನೇ ತೋರಿಸೆಂದು ಕೇಳಿಕೊಂಡೆ.

ಹ್ಯೂಸ್ಟನ್‌ನಿಂದ ವಾಯವ್ಯಕ್ಕೆ ಸುಮಾರು ನೂರೈವತ್ತು ಕಿಲೋಮೀಟರ್. ಊರಿನ ಹೆಸರು ಕಾಲೇಜ್ ಸ್ಟೇಷನ್. ಬಯಲಿನ ನಡುವೆ ಕಾಲೇಜು ಮೊದಲು ಬಂತು, ಅದರ ಮುಂದೆ ರೈಲು ನಿಂತಿತು, ರೈಲು ನಿಂತ ಜಾಗಕ್ಕೆ ಆ ಹೆಸರೇ ಅಂಟಿ ಊರು ಬೆಳೆಯಿತು. ಈಗಲೂ ಗೂಡ್ಸ್ ರೈಲುಗಳು ಆವರಣವನ್ನು ಎರಡಾಗಿ ಸೀಳಿಕೊಂಡು ಸಿಳ್ಳೆ ಹಾಕುತ್ತ ಹೋಗುತ್ತವೆ. ಆವರಣದ ವಿಸ್ತಾರ 5,000 ಎಕರೆಗೂ ಮೀರಿದ್ದು, ವಿದ್ಯಾರ್ಥಿಗಳು 70,000ಕ್ಕೂ ಹೆಚ್ಚು. ಕಾರಿನಲ್ಲಿ ಅರ್ಧ ಗಂಟೆ ಸುತ್ತಿದರೂ ಮುಗಿಯದ್ದನ್ನು ನೋಡಿ ನನ್ನ ಹೆಂಡತಿ, “ಇಷ್ಟು ಭೂಮಿ ಮೊದಲ ಯಾರದಿತ್ತು?” ಎಂದು ಕೇಳಿದಳು. ರೈತರ ಮನೆಯ ಮಗಳು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಉತ್ತರ ನೇರವಾದದ್ದಲ್ಲ. ನಾವು ನಿಂತಿದ್ದ ನೆಲದಲ್ಲಿ 2,416 ಎಕರೆಯನ್ನು ಬ್ರಾಜೋಸ್ ಕೌಂಟಿಯವರು ಕಾಲೇಜು ತಮ್ಮಲ್ಲಿಗೇ ಬರಲೆಂದು ಕೊಟ್ಟದ್ದು. ಆದರೆ ಮೊರಿಲ್ ಕಾಯ್ದೆಯ ಭೂಮಿ ಇದಲ್ಲ. ಟೆಕ್ಸಸ್ ಅಮೆರಿಕ ಒಕ್ಕೂಟವನ್ನು ಸೇರುವಾಗ ತನ್ನ ಸಾರ್ವಜನಿಕ ಭೂಮಿಯನ್ನು ತಾನೇ ಇಟ್ಟುಕೊಂಡಿದ್ದರಿಂದ, ಇಲ್ಲಿ ಕೇಂದ್ರ ಸರ್ಕಾರ ಕೊಡಲು ಅದರದ್ದೆಂಬ ಭೂಮಿಯೇ ಇರಲಿಲ್ಲ. ಬದಲಿಗೆ 1,80,000 ಎಕರೆಯ ಹಕ್ಕುಪತ್ರ ದೊರೆಯಿತು; ಎಲ್ಲೋ ದೂರದ ಪಶ್ಚಿಮದ ಆ ಭೂಮಿಯನ್ನು ಕಣ್ಣಿಂದಲೂ ನೋಡದೆ ಎಕರೆಗೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮಾರಿದಾಗ ಬಂದದ್ದು 1,74,000 ಡಾಲರ್. ದೇಶದಾದ್ಯಂತ ಹೀಗೆ ಹಂಚಿಹೋದ ಸುಮಾರು 1 ಕೋಟಿ 7 ಲಕ್ಷ ಎಕರೆಯೂ ಅದಕ್ಕೆ ಮೊದಲು ಮೂಲನಿವಾಸಿ ಬುಡಕಟ್ಟುಗಳ ಕೈಯಿಂದ ಒಪ್ಪಂದಗಳ ಮೂಲಕವೋ ಬಂದೂಕಿನ ಮೂಲಕವೋ ಬಂದದ್ದು. ನಮ್ಮ ನಾಗಾವಿಯಲ್ಲಿದ್ದ ಹಳೆಯ ವಿದ್ಯಾಕೇಂದ್ರವಾದ ಘಟಿಕಾಸ್ಥಾನಕ್ಕೆ ಭೂಮಿ ಬಿಟ್ಟ 1058ರ ಶಾಸನವು ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ನೆನೆಯುತ್ತದೆ. ಆ ನೆಲವನ್ನು ಅದಕ್ಕೆ ಹಿಂದೆ ಉಳುತ್ತಿದ್ದವನ ಗೊಡವೆಗೆ ಅಂಥ ಶಾಸನಗಳು ಸಾಮಾನ್ಯವಾಗಿ ಹೋಗುವುದಿಲ್ಲ. ದತ್ತಿಯ ಬರಹಗಳ ಸ್ವಭಾವವೇ ಅದಿರಬೇಕು.

ಭೂಮಿಯ ಕಥೆಗೆ ಇನ್ನೊಂದು ಬಾಲವಿದೆ. 1876ರ ಟೆಕ್ಸಸ್ ಸಂವಿಧಾನವು ಉನ್ನತ ಶಿಕ್ಷಣಕ್ಕೆಂದು ಪಶ್ಚಿಮದ ಹತ್ತು ಲಕ್ಷ ಎಕರೆ ಬೀಳುಭೂಮಿಯನ್ನು ಎತ್ತಿಟ್ಟಿತು, ಕೆಲವು ವರ್ಷಗಳ ನಂತರ ಇನ್ನಷ್ಟು ಸೇರಿತು. ಕುರಿ ಮೇಯುವುದಕ್ಕೂ ಕಷ್ಟವಾದ ಆ ನೆಲದಲ್ಲಿ 1923ರಲ್ಲಿ ಸಾಂಟಾ ರೀಟಾ ಎಂಬ ಬಾವಿಯಿಂದ ಪೆಟ್ರೋಲಿಯಂ ಚಿಮ್ಮಿತು. ಆ ಭೂಮಿಯಿಂದ ಕೂಡಿದ ನಿಧಿಯ ಆದಾಯದಲ್ಲಿ ಮೂರನೆಯ ಒಂದು ಪಾಲು ಇಂದಿಗೂ ಎ ಅಂಡ್ ಎಂ ಬಳಗಕ್ಕೆ, ಉಳಿದದ್ದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಬಳಗಕ್ಕೆ ಸೇರುತ್ತದೆ. ಈ ಎರಡು ಸಂಸ್ಥೆಗಳ ದಾಯಾದಿ ಮತ್ಸರದ ಬಗ್ಗೆ ಮುಂದೆ ಹೇಳಬೇಕಾಗುತ್ತದೆ.

ಎರಡನೆಯ ದಿನ, ಮಂಗಳವಾರ

ಬೆಳಿಗ್ಗೆ ಅಕಾಡೆಮಿಕ್ ಬಿಲ್ಡಿಂಗ್ ಎಂಬ ಗುಮ್ಮಟದ ಕಟ್ಟಡದ ಅಂಗಳದಲ್ಲಿ ನಡೆದಾಡಿದೆವು. ಎದುರು ಬಂದ ಅಪರಿಚಿತ ಹುಡುಗರೆಲ್ಲ “ಹೌಡಿ” ಎನ್ನುತ್ತಿದ್ದರು. ಇಲ್ಲಿ ಅದು ಅಧಿಕೃತ ನಮಸ್ಕಾರ. ಎದುರಿನವರ ಗುರುತು ಇರಬೇಕೆಂದೇನಿಲ್ಲ. ನಮ್ಮ ಕಡೆಯ ಹೊಲದ ದಾರಿಯಲ್ಲಿ ಎದುರಾದವರೆಲ್ಲರಿಗೂ “ಶರಣ್ರಿ” ಎನ್ನುವ ಅಭ್ಯಾಸವಿದ್ದ ನನಗೆ ಅದು ಹೊಸದೆನಿಸಲಿಲ್ಲ. ಮೂರನೆಯ ಹುಡುಗನಿಂದ ಆಚೆಗೆ ನಾನೂ “ಶರಣ್ರಿ” ಎಂದೇ ಉತ್ತರಿಸಿದೆ, ಅವರೂ ನಕ್ಕು ಮುಂದೆ ಹೋದರು.

1876ರ ಅಕ್ಟೋಬರ್ 4ರಂದು ಕಾಲೇಜು ತೆರೆದಾಗ ಮೊದಲ ಹಂತದಲ್ಲಿ ಹೆಸರು ಬರೆಸಿದವರು ಆರು ಮಂದಿಯಂತೆ. ತರಗತಿ ಆರಂಭವಾಗುವ ಹೊತ್ತಿಗೆ ನಲವತ್ತಾದರು. ಗಂಡುಮಕ್ಕಳಿಗೆ ಮಾತ್ರ, ಅದರಲ್ಲೂ ಬಿಳಿಯರಿಗೆ ಮಾತ್ರ, ಎಲ್ಲರಿಗೂ ಸೈನಿಕ ಸಮವಸ್ತ್ರ. ಅದರ ಹೆಸರು ಟೆಕ್ಸಸ್ ಅಗ್ರಿಕಲ್ಚರಲ್ ಅಂಡ್ ಮೆಕ್ಯಾನಿಕಲ್ ಕಾಲೇಜು. 1963ರಲ್ಲಿ ಅದು ವಿಶ್ವವಿದ್ಯಾಲಯವಾದಾಗ ಎ ಮತ್ತು ಎಂ ಎಂಬೆರಡು ಅಕ್ಷರಗಳನ್ನು ಹಳೆಯ ನೆನಪಿಗಾಗಿ ಉಳಿಸಿಕೊಂಡರು. ಈಗ ಅವುಗಳಿಗೆ ಅಧಿಕೃತವಾದ ವಿಸ್ತೃತ ರೂಪವಿಲ್ಲ. ಆದರೆ ಇಲ್ಲಿ ಓದಿದವರು ಇಂದಿಗೂ ತಮ್ಮನ್ನು ಕರೆದುಕೊಳ್ಳುವುದು “ಆ್ಯಗಿ” ಎಂದು, ಅಗ್ರಿಕಲ್ಚರ್ ಎಂಬುದರ ಮೊಟಕು ರೂಪ. ರಾಕೆಟ್ ವಿಜ್ಞಾನ ಕಲಿತವನೂ ಆ್ಯಗಿ. ನಮ್ಮನ್ನು ಧಾರವಾಡದ ಉಳಿದ ಕಾಲೇಜಿನವರು “ಅಗ್ರಿ ಮಂದಿ” ಎಂದು ಕರೆಯುವಾಗ ಅದರಲ್ಲಿ ಒಂದು ಚೂರು ಸಗಣಿಯ ವಾಸನೆಯನ್ನು ಸೇರಿಸಿಯೇ ಕರೆಯುತ್ತಿದ್ದರು. ಆ ಹೆಸರನ್ನೇ ಎಪ್ಪತ್ತು ಸಾವಿರ ಜನ ಬಿರುದಿನಂತೆ ಹೊತ್ತು ತಿರುಗುವುದನ್ನು ನೋಡಿ ನನಗೆ ಒಳಗೊಳಗೇ ಹಿಗ್ಗಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆವರಣದಲ್ಲಿ ಎರಡು ಪ್ರತಿಮೆಗಳನ್ನು ನೋಡಿದೆವು. ಒಂದು ಲಾರೆನ್ಸ್ ಸಲಿವನ್ ರಾಸ್‌ನದು. ಕಾಲೇಜನ್ನು ಮುಚ್ಚಿಬಿಡಬೇಕೆಂಬ ಮಾತು ಎದ್ದಿದ್ದ ಕಾಲದಲ್ಲಿ, ರಾಜ್ಯಪಾಲನ ಹುದ್ದೆ ಮುಗಿಸಿದ ಕೂಡಲೇ 1891ರಲ್ಲಿ ಅಧ್ಯಕ್ಷನಾಗಿ ಬಂದು ಅದನ್ನು ನಿಲ್ಲಿಸಿದವನು ಎಂಬ ಗೌರವ ಅವನಿಗೆ. ಬಿಡುವಿನಲ್ಲಿ ಹುಡುಗರ ಪಾಠದ ಸಂದೇಹಗಳನ್ನೂ ಬಗೆಹರಿಸುತ್ತಿದ್ದನೆಂಬ ಪ್ರತೀತಿ ಇರುವುದರಿಂದ ಪರೀಕ್ಷೆಗೆ ಮೊದಲು ವಿದ್ಯಾರ್ಥಿಗಳು ಅವನ ಪಾದದ ಬಳಿ ಒಂದು ಸೆಂಟಿನ ನಾಣ್ಯ ಇಟ್ಟು ಹೋಗುತ್ತಾರೆ. ನಾವು ಹೋದಾಗಲೂ ಹತ್ತಿಪ್ಪತ್ತು ತಾಮ್ರದ ಬಿಲ್ಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದೇ ರಾಸ್ 1860ರಲ್ಲಿ ಪೀಸ್ ನದಿಯ ದಂಡೆಯ ಕೊಮಾಂಚಿ ಶಿಬಿರದ ಮೇಲೆ ದಾಳಿ ಮಾಡಿದ ಪಡೆಯ ನಾಯಕ, ಆಮೇಲೆ ಗುಲಾಮಗಿರಿಯ ಪರವಾಗಿ ಹೋರಾಡಿದ ದಕ್ಷಿಣದ ಸೇನೆಯ ಜನರಲ್. 2020ರಲ್ಲಿ ಪ್ರತಿಮೆಯನ್ನು ತೆಗೆಯಬೇಕೆಂದೂ ಉಳಿಸಬೇಕೆಂದೂ ಜನ ಎದುರುಬದುರಾಗಿ ನಿಂತರು, ಅದು ಉಳಿಯಿತು. ಎರಡನೆಯದು ಮ್ಯಾಥ್ಯೂ ಗೇನ್ಸ್‌ನದು. ಗುಲಾಮನಾಗಿ ಹುಟ್ಟಿ, ಬಿಡುಗಡೆಯ ನಂತರ ಟೆಕ್ಸಸ್ ಸೆನೆಟ್ ಸದಸ್ಯನಾಗಿ, ಈ ಕಾಲೇಜಿಗೆ ದಾರಿ ಮಾಡಿದ ಶಾಸನದ ಪರವಾಗಿ ನಿಂತವನು. ಅವನ ಜನಾಂಗದವರಿಗೆ ಈ ಬಾಗಿಲು ತೆರೆಯಲು 1960ರ ದಶಕವೇ ಬರಬೇಕಾಯಿತು, ಅವನ ಪ್ರತಿಮೆ ನಿಲ್ಲಲು 2021.

ಗುಮ್ಮಟದ ಕಟ್ಟಡದ ಪಕ್ಕದಲ್ಲೇ ಶತಮಾನದ ಮರ. ಅದೊಂದು ಲೈವ್ ಓಕ್. ಕೊಂಬೆಗಳು ಭಾರಕ್ಕೆ ಬಾಗಿ ನೆಲ ಮುಟ್ಟಿ ಮತ್ತೆ ಮೇಲೆದ್ದಿವೆ. ಜೋಡಿಯಾಗಿ ಅದರ ಕೆಳಗೆ ಹಾದವರು ಮದುವೆಯಾಗುತ್ತಾರೆ, ಒಂಟಿಯಾಗಿ ಹಾದವರು ಒಂಟಿಯಾಗಿಯೇ ಉಳಿಯುತ್ತಾರೆ ಎಂಬುದು ನಂಬಿಕೆ. ನನ್ನ ಹೆಂಡತಿ ಅದನ್ನು ಕೇಳಿದ ಮೇಲೆ ಸುತ್ತು ಹಾಕಿಕೊಂಡು ಆಚೆ ಬದಿಗೆ ಹೋಗಿ ನಿಂತಳು. “ಒಮ್ಮೆ ಆದದ್ದ ಸಾಕು” ಎಂದಳು.

ರಾತ್ರಿ ಹತ್ತಕ್ಕೆ ಅದೇ ಅಂಗಳಕ್ಕೆ ಮರಳಿ ಬಂದೆವು. ತಿಂಗಳ ಮೊದಲ ಮಂಗಳವಾರ ಸಿಲ್ವರ್ ಟ್ಯಾಪ್ಸ್ ನಡೆಯುತ್ತದೆ. ಹಿಂದಿನ ತಿಂಗಳು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಹೆಸರಿನ ಚೀಟಿಯನ್ನು ಅಂದು ಬೆಳಿಗ್ಗೆಯೇ ಧ್ವಜಸ್ತಂಭದ ಬುಡದಲ್ಲಿ ಇಟ್ಟಿರುತ್ತಾರೆ. 1898ರಲ್ಲಿ ರಾಸ್ ತೀರಿಕೊಂಡಾಗ ಮೊದಲ ಬಾರಿ ನಡೆದ ಈ ವಿಧಿ ಅಂದಿನಿಂದ ನಡೆದುಬಂದಿದೆ. ಆವರಣದ ದೀಪಗಳು ಆರಿದವು. ಸಾವಿರಾರು ಹುಡುಗ ಹುಡುಗಿಯರು ಕತ್ತಲಲ್ಲಿ ಬಂದು ನಿಂತರು. ಯಾರೂ ಮಾತಾಡಲಿಲ್ಲ, ಒಂದು ಫೋನ್ ಸಹ ಬೆಳಗಲಿಲ್ಲ. ಆಲ್‌ಬ್ರಿಟನ್ ಗೋಪುರದ ಗಂಟೆಗಳು ನುಡಿದು ನಿಂತವು. ಹತ್ತೂವರೆಗೆ ಬಿಳಿಯ ಉಡುಪಿನ ರಾಸ್ ವಾಲಂಟಿಯರ್ಸ್ ಎಂಬ ವಿದ್ಯಾರ್ಥಿ ಪಡೆ ನಿಧಾನ ನಡಿಗೆಯಲ್ಲಿ ಬಂತು. ಅವರ ಹೆಜ್ಜೆಯ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಏಳು ಬಂದೂಕುಗಳು ಮೂರು ಸಲ ಸಿಡಿದವು. ಆಮೇಲೆ ಗುಮ್ಮಟದ ಬಳಿಯಿಂದ ಆರು ಕಹಳೆಗಳು ಒಂದೇ ರಾಗವನ್ನು ಮೂರು ಬಾರಿ ಊದಿದವು: ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ, ಪಶ್ಚಿಮಕ್ಕೊಮ್ಮೆ. ಪೂರ್ವಕ್ಕೆ ಊದುವುದಿಲ್ಲ. ಸತ್ತವರ ಪಾಲಿಗೆ ಇನ್ನು ಸೂರ್ಯ ಹುಟ್ಟುವುದಿಲ್ಲವಲ್ಲ.

ಮುಗಿದ ಮೇಲೂ ಯಾರೂ ಮಾತಾಡಲಿಲ್ಲ; ಬಂದಂತೆಯೇ ಕತ್ತಲಲ್ಲಿ ಕರಗಿಹೋದರು. ಆ ಗುಂಪಿನಲ್ಲಿ ಸತ್ತವರನ್ನು ಕಂಡು ಬಲ್ಲವರು ನೂರಕ್ಕೆ ಒಬ್ಬರೂ ಇದ್ದಿರಲಾರರು ಎಂದು ಅಳಿಯ ಹೇಳಿದ. ತಾನು ಮೊದಲ ವರ್ಷ ಬಂದಾಗ, ಭಾರತದಿಂದ ಬಂದು ವಾರವೂ ಆಗದಿದ್ದ ತನಗೆ ಸ್ನೇಹಿತರಿಲ್ಲದ ಊರಿನಲ್ಲಿ ಏನಾದರೂ ಆದರೆ ಎಂಬ ಭಯವಿತ್ತೆಂದೂ, ಮೊದಲ ಸಿಲ್ವರ್ ಟ್ಯಾಪ್ಸ್‌ನ ರಾತ್ರಿ ಆ ಭಯ ಹೋಯಿತೆಂದೂ ಕಾರಿನಲ್ಲಿ ತಡವಾಗಿ ಹೇಳಿದ.

ಮೂರನೆಯ ದಿನ, ಬುಧವಾರ

ನಾನು ನಿಜವಾಗಿ ಬಂದದ್ದು ಈ ದಿನಕ್ಕಾಗಿ. ರೈಲು ಹಳಿಯ ಆಚೆಯ ಪಶ್ಚಿಮ ಆವರಣದಲ್ಲಿ ಕೃಷಿ ವಿಭಾಗಗಳಿವೆ: ಮಣ್ಣು ಮತ್ತು ಬೆಳೆ, ತೋಟಗಾರಿಕೆ, ಪಶುವಿಜ್ಞಾನ, ಕೀಟಶಾಸ್ತ್ರ. ಪ್ರವಾಸಿಗರು ಇತ್ತ ಬರುವುದು ಕಡಿಮೆ. 2018ರಲ್ಲಿ ತೆರೆದ ಬೋಧನಾ ಉದ್ಯಾನದಲ್ಲಿ ತರಕಾರಿ ಮಡಿಗಳ ಅಂಚಿನಲ್ಲಿ ಕುಳಿತು, ನಮ್ಮ ಕಸುಬು ಹುಟ್ಟಿದ ಕಥೆಯನ್ನು ನಾನು ಹೆಂಡತಿಗೂ ಅಳಿಯನಿಗೂ ಹೇಳಿದೆ; ಅಳಿಯ ಇಲ್ಲಿ ಓದಿದ್ದು ಪೆಟ್ರೋಲಿಯಂ ಎಂಜಿನಿಯರಿಂಗ್ ಆದ್ದರಿಂದ ಅವನಿಗೆ ಅದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ.

1890ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ರಿಯೊ ಗ್ರಾಂಡೆ ನದಿಯನ್ನು ದಾಟಿ ಬಂದ ಬೋಲ್ ವೀವಿಲ್ ಎಂಬ ಸೊಂಡಿಲು ಹುಳು ಟೆಕ್ಸಸ್‌ನ ಹತ್ತಿಯನ್ನು ನೆಲ ಕಚ್ಚಿಸಿತು. ರಾಯಚೂರಿನ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕವನ್ನು ಕಂಡವರಿಗೆ ಆ ವರ್ಷಗಳ ದಿಗಿಲನ್ನು ವಿವರಿಸಬೇಕಿಲ್ಲ. ಪ್ರಯೋಗ ಕೇಂದ್ರಗಳಲ್ಲಿ ಪರಿಹಾರ ಇರಲಿಲ್ಲವೆಂದಲ್ಲ. ಬೇಗ ಬಿತ್ತುವುದು, ಬೇಗ ಬಲಿಯುವ ತಳಿ, ಅಂತರ ಬೇಸಾಯ, ಹಳೆಯ ಗಿಡಗಳ ನಾಶ ಎಲ್ಲ ಗೊತ್ತಿತ್ತು. ಆದರೆ ಸರ್ಕಾರದ ಹೊಲದಲ್ಲಿ ಸರ್ಕಾರದ ದುಡ್ಡಿನಿಂದ ಬೆಳೆದದ್ದನ್ನು ಯಾವ ರೈತ ನಂಬುತ್ತಾನೆ? 1903ರಲ್ಲಿ ಸೀಮನ್ ನ್ಯಾಪ್ ಎಂಬ ಹಿರಿಯ, ಟೆರೆಲ್ ಎಂಬ ಊರಿನಲ್ಲಿ ವಾಲ್ಟರ್ ಪೋರ್ಟರ್ ಎಂಬ ರೈತನ ಹೊಲವನ್ನೇ ಆರಿಸಿಕೊಂಡ. ಉಳುಮೆ ಮಾಡಬೇಕಾದವನು ರೈತನೇ, ಹೇಳಿದ ಕ್ರಮ ಮಾತ್ರ ನ್ಯಾಪ್‌ನದು. ನಷ್ಟವಾದರೆ ತುಂಬಿಕೊಡಲು ಊರಿನ ವರ್ತಕರು ಸೇರಿ ಹಣ ಎತ್ತಿಟ್ಟರು. ಆ ಹಣವನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ, ರೈತನಿಗೆ ಲಾಭವಾಯಿತು. ಕೇಳಿದ್ದನ್ನೂ ಕಂಡದ್ದನ್ನೂ ಸಂಶಯಿಸುವ ಮನುಷ್ಯ ತಾನೇ ಮಾಡಿದ್ದನ್ನು ಸಂಶಯಿಸಲಾರ ಎಂಬುದು ನ್ಯಾಪ್‌ನ ಹಟವಾಗಿತ್ತು. 1906ರಲ್ಲಿ ಟೆಕ್ಸಸ್‌ನ ಸ್ಮಿತ್ ಕೌಂಟಿಗೆಂದೇ ಒಬ್ಬ ಕೃಷಿ ಏಜೆಂಟ್ ನೇಮಕವಾದ. 1914ರ ಸ್ಮಿತ್–ಲೀವರ್ ಕಾಯ್ದೆ ಈ ಏಜೆಂಟರನ್ನೆಲ್ಲ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ತೆಕ್ಕೆಗೆ ತಂದಿತು. ನಾನು ನರಗುಂದ, ನವಲಗುಂದದ ಎರೆಭೂಮಿಯಲ್ಲಿ ಮೋಟಾರ್ ಸೈಕಲ್ಲಿಗೆ ಬೀಜದ ಚೀಲ ಕಟ್ಟಿಕೊಂಡು ಹೋಗಿ “ಪ್ರಾತ್ಯಕ್ಷಿಕೆ” ಎಂಬ ತಗಡಿನ ಫಲಕ ನೆಡುತ್ತಿದ್ದುದರ ಮೂಲ ಆ ಟೆರೆಲ್‌ನ ಹೊಲ. ನಮ್ಮಲ್ಲಿ ಎಷ್ಟೋ ಸಲ ಫಲಕ ನಿಂತಿತು, ಅಧಿಕಾರಿ ಮತ್ತೆ ಬರಲಿಲ್ಲ. ನನ್ನ ಫಲಕಗಳಲ್ಲೂ ಅಂಥವು ಕೆಲವಿದ್ದವು.

ಜೋಳದ ಮಾತಿಗೆ ಬರುತ್ತೇನೆ. ಆಫ್ರಿಕಾದಿಂದ ಗುಲಾಮರ ಹಡಗುಗಳ ಕಾಲದಲ್ಲಿ ಅಮೆರಿಕಕ್ಕೆ ಬಂದ ಬೆಳೆಯದು; ಇಲ್ಲಿ ಅದು ದನದ ಮೇವು, ಕೋಳಿಯ ಕಾಳು. ಜೋಳದ ಹೂ ಸ್ವಪರಾಗಸ್ಪರ್ಶದ್ದು, ಗಂಡು ಹೆಣ್ಣು ಒಂದೇ ಹೂವಿನಲ್ಲಿ. ಆದ್ದರಿಂದ ಮೆಕ್ಕೆಜೋಳದಂತೆ ಸೂಲಂಗಿ ಮುರಿದು ಮಿಶ್ರತಳಿಯ ಬೀಜ ಮಾಡಲು ಆಗದು. ಈ ಕಾಲೇಜಿಗೆ ಸೇರಿದ ಪ್ರಯೋಗ ಕೇಂದ್ರಗಳ ಜಾಲದಲ್ಲಿ, ಉತ್ತರ ಟೆಕ್ಸಸ್‌ನ ಚಿಲಿಕೋಥೆ ಎಂಬಲ್ಲಿ, ಸ್ಟೀಫನ್ಸ್, ಕ್ವಿನ್‌ಬಿ ಮೊದಲಾದ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ, ಮೈಲೊ ಜೋಳದ ಕೋಶದ್ರವ್ಯದೊಳಗೆ ಕಾಫಿರ್ ಜೋಳದ ವರ್ಣತಂತುಗಳನ್ನು ಕೂಡಿಸಿದಾಗ ಹುಟ್ಟುವ ಗಿಡದಲ್ಲಿ ಗಂಡು ಬಂಜೆಯಾಗಿರುತ್ತದೆ ಎಂಬುದನ್ನು ಕಂಡುಕೊಂಡರು; ಸ್ಟೀಫನ್ಸ್ ಮತ್ತು ಹಾಲೆಂಡ್ ಅದನ್ನು 1954ರಲ್ಲಿ ಪ್ರಕಟಿಸಿದರು. ಪರಾಗವೇ ಇಲ್ಲದ ಹೆಣ್ಣು ಸಾಲು, ಪಕ್ಕದಲ್ಲಿ ಗಂಡು ಸಾಲು. ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಅದರ ತಾಯಿ ಟೆಕ್ಸಸ್‌ನಿಂದ ಬಂದ ಕಂಬೈನ್ ಕಾಫಿರ್ 60. ಮುಂಗಾರಿನಲ್ಲಿ ನಮ್ಮ ಧಾರವಾಡ ಸೀಮೆಯ ಹೊಲಗಳನ್ನು ತುಂಬಿದ ಗಿಡ್ಡ ಜೋಳದ ತವರುಮನೆ ಇದು.

ಇದನ್ನೆಲ್ಲ ಹೆಮ್ಮೆಯಿಂದ ಹೇಳಿ ಮುಗಿಸಿದಾಗ ಹೆಂಡತಿ, “ಆ ಹಿಟ್ಟಿಗೆ ಜಿಗಿನ ಇರತಿರಲಿಲ್ಲ. ಬಡೀಲಿಕ್ಕೆ ಹೋದ್ರ ರೊಟ್ಟಿ ಹರಕೊಂಡು ಬೀಳತಿತ್ತು” ಎಂದಳು. ಅದೂ ನಿಜ. ಇಳುವರಿ ಹೆಚ್ಚಿತು, ಬರಗಾಲದ ವರ್ಷಗಳಲ್ಲಿ ಹೊಟ್ಟೆ ತುಂಬಿತು. ಆದರೆ ಮುಂಗಾರಿನ ಮಳೆಗೆ ಸಿಕ್ಕ ತೆನೆ ಕಪ್ಪುಗಟ್ಟುತ್ತಿತ್ತು, ಸೊಪ್ಪೆ ಕಡಿಮೆಯಾಗಿ ದನಕ್ಕೆ ಮೇವು ಸಾಲುತ್ತಿರಲಿಲ್ಲ, ಹಿಂಗಾರಿ ಮಾಲದಂಡಿಯ ರುಚಿ ಅದಕ್ಕೆ ಬರಲೇ ಇಲ್ಲ. ದನ ಕೋಳಿಗಳಿಗಾಗಿ ಬೆಳೆಸಿದ ತಾಯಿಯಿಂದ ರೊಟ್ಟಿಯ ಗುಣವನ್ನು ಕೇಳುವುದು ನ್ಯಾಯವೂ ಅಲ್ಲ. ಇಷ್ಟು ಚಿಕ್ಕ ಸಂಗತಿ ನಮ್ಮ ತರಬೇತಿ ಕೈಪಿಡಿಗಳಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅವನ್ನು ಬರೆದವರು ರೊಟ್ಟಿ ಬಡಿದವರಲ್ಲ.

ಸಂಜೆ ನಾರ್ಮನ್ ಬೋರ್ಲಾಗ್ ಹೆಸರಿನ ಅಂತರರಾಷ್ಟ್ರೀಯ ಕೃಷಿ ಸಂಸ್ಥೆಯ ಬಗ್ಗೆ ಮಾತು ಬಂತು. ನಮ್ಮ ಗೋಧಿಯ ಕಥೆಯನ್ನೇ ಬದಲಿಸಿ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆತ 1984ರಲ್ಲಿ ಇಲ್ಲಿ ಪ್ರಾಧ್ಯಾಪಕನಾಗಿ ಸೇರಿ, ವಯಸ್ಸು ಎಂಬತ್ತು ದಾಟಿದ ಮೇಲೂ ಪಾಠ ಮಾಡುತ್ತಿದ್ದ.

ನಾಲ್ಕನೆಯ ದಿನ, ಗುರುವಾರ

ಬೆಳಿಗ್ಗೆ ಹಿರಿಯ ಜಾರ್ಜ್ ಬುಷ್ ಅಧ್ಯಕ್ಷೀಯ ಗ್ರಂಥಾಲಯವನ್ನು ನೋಡಿದೆವು. ಅದರ ಹಿಂದೆ ಆತನ ಸಮಾಧಿಯೂ ಇದೆ. ಚೆನ್ನಾಗಿಯೇ ಇದೆ, ಆದರೆ ನಮ್ಮ ವಿಷಯಕ್ಕೆ ಸೇರಿದ್ದಲ್ಲ.

ಸಂಜೆ ಹೋದದ್ದು ಆವರಣದ ಮೈದಾನವೊಂದರಲ್ಲಿರುವ ಬಾನ್‌ಫೈರ್ ಸ್ಮಾರಕಕ್ಕೆ. ಆಸ್ಟಿನ್‌ನ ದಾಯಾದಿಗಳ ಜೊತೆಗಿನ ವಾರ್ಷಿಕ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ದೊಡ್ಡ ಬೆಂಕಿ ಹಾಕುವ ರೂಢಿ 1909ರಿಂದ ಬಂತು. ಮೊದಲು ಕಸಕಡ್ಡಿಯ ರಾಶಿಯಾಗಿದ್ದದ್ದು, ನಮ್ಮ ಓಣಿಯ ಹುಡುಗರು ಕಾಮಣ್ಣನಿಗೆಂದು ಊರೆಲ್ಲ ಅಲೆದು ಕಟ್ಟಿಗೆ ತರುವ ಹಾಗೆ ವರ್ಷದಿಂದ ವರ್ಷಕ್ಕೆ ಬೆಳೆದು, ಕಾಡಿನಲ್ಲಿ ಮರ ಕಡಿದು ತಂದು, ದಿಮ್ಮಿಗಳನ್ನು ನೆಟ್ಟಗೆ ಹಂತಹಂತವಾಗಿ ನಿಲ್ಲಿಸುವ ಗೋಪುರವಾಯಿತು. 1969ರಲ್ಲಿ 109 ಅಡಿ ಮುಟ್ಟಿತು. ಕೆನಡಿಯವರ ಹತ್ಯೆಯಾದ 1963ರಲ್ಲಿ ಮಾತ್ರ ಕಟ್ಟಿದ್ದನ್ನು ಬಿಚ್ಚಿದರು. ಕಟ್ಟುವವರೂ ವಿದ್ಯಾರ್ಥಿಗಳೇ, ಕಲಿಸುವವರೂ ಹಿಂದಿನ ವರ್ಷದ ವಿದ್ಯಾರ್ಥಿಗಳೇ. ಎಂಜಿನಿಯರಿಂಗ್‌ಗೆ ಹೆಸರಾದ ವಿಶ್ವವಿದ್ಯಾಲಯದ ಅಂಗಳದಲ್ಲಿ ಎಂಜಿನಿಯರನ ನಕ್ಷೆಯಿಲ್ಲದೆ ಅದು ಏಳುತ್ತಿತ್ತು ಎಂಬುದು ಈಗ ಯೋಚಿಸಿದರೆ ನಂಬಲಾಗದ ಮಾತು. 1999ರ ನವೆಂಬರ್ 18ರ ನಸುಕಿನ 2 ಗಂಟೆ 42 ನಿಮಿಷಕ್ಕೆ, ಹುಡುಗರು ಮೇಲೇರಿ ಕೆಲಸ ಮಾಡುತ್ತಿದ್ದಾಗಲೇ, ಐದು ಸಾವಿರ ದಿಮ್ಮಿಗಳ ಗೋಪುರ ಕುಸಿಯಿತು. 12 ಮಂದಿ ಸತ್ತರು, 27 ಮಂದಿ ಗಾಯಗೊಂಡರು. ಮೇಲಿನ ಹಂತದ ದಿಮ್ಮಿಗಳು ಕೆಳಗಿನ ಹಂತದೊಳಗೆ ಬೆಣೆಯಂತೆ ಇಳಿದು ಒತ್ತಿದವು, ಆ ಒತ್ತಡವನ್ನು ಹಿಡಿದಿಡುವಷ್ಟು ಕಟ್ಟು ಇರಲಿಲ್ಲ ಎಂದು ತನಿಖಾ ಆಯೋಗ ಹೇಳಿತು; ಅದಕ್ಕಿಂತ ಮುಖ್ಯವಾಗಿ, ದಶಕಗಳ ಕಾಲ ಯಾರೂ ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ ಎಂದೂ ಹೇಳಿತು.

ಸ್ಮಾರಕದ ದಾರಿಯಲ್ಲಿ ಉರಿದ ಬೆಂಕಿಗೊಂದರಂತೆ 89 ಕಲ್ಲುಗಳಿವೆ, 1963ರ ಜಾಗ ಖಾಲಿ. ಮುಂದೆ, ದುರಂತ ನಡೆದ ಸ್ಥಳವನ್ನು ಸುತ್ತುವರಿದ ವೃತ್ತದಲ್ಲಿ ಹನ್ನೆರಡು ಬಾಗಿಲುಗಳು. ಒಂದೊಂದೂ ಆಯಾ ಹುಡುಗನ ಅಥವಾ ಹುಡುಗಿಯ ಊರಿನ ದಿಕ್ಕಿಗೆ ತೆರೆದಿದೆ. ಬಾಗಿಲುಗಳ ನಡುವೆ ಗಾಯಗೊಂಡವರ 27 ಕಲ್ಲುಗಳು. ಬಾಗಿಲೊಳಗೆ ನಿಂತರೆ ಆ ಚೌಕಟ್ಟಿಗೆ ಒಂದು ಮೈ ತುಂಬುತ್ತದೆ; ನೋಡಲು ಬಂದವನೇ ಅಷ್ಟು ಹೊತ್ತು ಇಲ್ಲದವನ ಜಾಗದಲ್ಲಿ ನಿಂತಂತಾಗುತ್ತದೆ. ಆವರಣದಲ್ಲಿ ಬೆಂಕಿ ಅಂದಿನಿಂದ ಇಲ್ಲ. ಹೊರಗೆ ವಿದ್ಯಾರ್ಥಿಗಳೇ ನಡೆಸುವ ಒಂದು ಬೆಂಕಿ ಇದೆ. ಮರಳಿ ತರಬೇಕೆಂಬ ಕೂಗು 2024ರಲ್ಲಿ ಎದ್ದಾಗ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಒಪ್ಪದೆ ಇದ್ದದ್ದೇ ಸರಿ ಎನಿಸಿತು ನನಗೆ. ಅಳಿಯ ಸುಮ್ಮನಿದ್ದ.

ಐದನೆಯ ದಿನ, ಶುಕ್ರವಾರ

ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್ ಎಂಬ ದೊಡ್ಡ ಕಟ್ಟಡದ ಮುಂದೆ ಹಸಿರು ಹುಲ್ಲಿನ ಅಂಗಳವಿತ್ತು. ಅಡ್ಡದಾರಿ ಎಂದುಕೊಂಡು ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಎಲ್ಲಿಂದಲೋ ಒಬ್ಬ ಹುಡುಗಿ ಓಡಿಬಂದು, ಬಹಳ ವಿನಯದಿಂದ, ಆ ಹುಲ್ಲು ಯುದ್ಧಗಳಲ್ಲಿ ಮಡಿದವರ ಸ್ಮಾರಕವೆಂದೂ ಅದನ್ನು ಯಾರೂ ತುಳಿಯುವುದಿಲ್ಲವೆಂದೂ ಹೇಳಿದಳು. ನಾಚಿಕೊಂಡು ಒಳಗೆ ಹೋದರೆ ಬಾಗಿಲಲ್ಲೇ ಇನ್ನೊಬ್ಬ ಹುಡುಗ ಟೋಪಿ ತೆಗೆಯಲು ಹೇಳಿದ. ಗುಡಿಯ ಮುಂದೆ ಚಪ್ಪಲಿ ಬಿಡುವ ನಮಗೆ ಇದನ್ನು ಬೇರೆಯವರು ಹೇಳಬೇಕಾಯಿತಲ್ಲ ಎಂದು ಹೆಂಡತಿ ದಿನವಿಡೀ ನನ್ನನ್ನು ಹಂಗಿಸಿದಳು.

ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಓದಿದ 20,000ಕ್ಕೂ ಹೆಚ್ಚು ಮಂದಿ ಸೇನೆಯಲ್ಲಿದ್ದರು, ಅವರಲ್ಲಿ ಸುಮಾರು 14,000 ಮಂದಿ ಅಧಿಕಾರಿಗಳು. ನಾರ್ಮಂಡಿಯ ಪಾಯಿಂಟ್ ದು ಹಾಕ್ ಕಡಿದಾದ ಬಂಡೆಯನ್ನು ಹತ್ತಿಸಿದ ಪಡೆಯ ನಾಯಕ ಜೇಮ್ಸ್ ಅರ್ಲ್ ರಡರ್ ಮುಂದೆ ಇಲ್ಲಿನ ಅಧ್ಯಕ್ಷನಾದ. ಸಂಪ್ರದಾಯವನ್ನೇ ಉಸಿರಾಡುವ ಈ ಊರಿನಲ್ಲಿ ಸಂಪ್ರದಾಯವನ್ನು ಮುರಿದವನೂ ಅವನೇ: 1963ರಿಂದ ಮಹಿಳೆಯರಿಗೆ ಪ್ರವೇಶ, 1965ರಲ್ಲಿ ಸೈನಿಕ ತರಬೇತಿ ಐಚ್ಛಿಕ. ಹಳೆಯ ವಿದ್ಯಾರ್ಥಿಗಳು ಕೆಂಡವಾದರು. ಅವನು ಹಾಗೆ ಮಾಡದಿದ್ದರೆ ಇಂದು ಇದು ಕೆಲವು ಸಾವಿರ ಗಂಡುಹುಡುಗರ ಸಣ್ಣ ಕಾಲೇಜಾಗಿ ಉಳಿದಿರುತ್ತಿತ್ತೆಂದು ನನಗೆ ಅನಿಸುತ್ತದೆ.

ಮಸ್ಟರ್ ಎಂಬ ಆಚರಣೆಯನ್ನು ನಾವು ನೋಡಲಾಗಲಿಲ್ಲ, ಅದು ಏಪ್ರಿಲ್ 21ರಂದು. ಆ ದಿನ ಜಗತ್ತಿನ ನೂರಾರು ಕಡೆ ಆ್ಯಗಿಗಳು ಸೇರಿ, ಆ ವರ್ಷ ತೀರಿಕೊಂಡವರ ಹಾಜರಿ ಕೂಗುತ್ತಾರೆ. ಒಂದೊಂದು ಹೆಸರಿಗೂ ಬಂಧುವೋ ಗೆಳೆಯನೋ “ಇಲ್ಲಿದ್ದೇನೆ” ಎಂದು ಉತ್ತರಿಸಿ ಮೇಣದ ಬತ್ತಿ ಹಚ್ಚುತ್ತಾರೆ. 1942ರಲ್ಲಿ ಜಪಾನಿ ಸೇನೆಯ ಮುತ್ತಿಗೆಯಲ್ಲಿದ್ದ ಫಿಲಿಪೈನ್ಸ್‌ನ ಕೊರೆಗಿಡಾರ್ ದ್ವೀಪದಲ್ಲೂ ಜನರಲ್ ಜಾರ್ಜ್ ಮೂರ್ ಮತ್ತು ಅವನ ಜೊತೆಗಿದ್ದ ಆ್ಯಗಿಗಳು ಆ ದಿನವನ್ನು ನೆನೆದರಂತೆ. ಅಳಿಯ ಕಳೆದ ವರ್ಷ ಹ್ಯೂಸ್ಟನ್‌ನಲ್ಲಿ ತನ್ನ ಪ್ರಯೋಗಾಲಯದ ಜೊತೆಗಾರನೊಬ್ಬನ ಹೆಸರಿಗೆ ಉತ್ತರ ಹೇಳಿದನೆಂದು ಅಂದೇ ನನಗೆ ತಿಳಿದದ್ದು.

ರಾತ್ರಿ ಹನ್ನೆರಡಕ್ಕೆ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ ಮಿಡ್‌ನೈಟ್ ಯೆಲ್. ಮರುದಿನದ ಪಂದ್ಯಕ್ಕೆ ಕೂಗುವುದರ ತಾಲೀಮು. ಐವರು ನಾಯಕರು ಕೈಸನ್ನೆ ಮಾಡುತ್ತಾರೆ. ಸಾವಿರಾರು ಜನ ಮಂಡಿಯ ಮೇಲೆ ಕೈಯೂರಿ ಬಾಗಿ ಒಂದೇ ಕೊರಳಿನಲ್ಲಿ ಗರ್ಜಿಸುತ್ತಾರೆ. ಕೊನೆಗೆ ದೀಪ ಆರಿಸಿ ಜೋಡಿಗಳು ಮುತ್ತಿಡುವ ಪದ್ಧತಿಯಿದೆ. ಜೋಡಿಯಿಲ್ಲದವರು ಲೈಟರ್ ಹಚ್ಚಿ ತಮ್ಮ ಇರವನ್ನು ಸಾರುತ್ತಾರೆ. ದೀಪ ಹತ್ತಿದಾಗ ಅಳಿಯ ನಮ್ಮ ಕಡೆ ನೋಡದೆ ಮೈದಾನವನ್ನೇ ನೋಡುತ್ತಿದ್ದ.

ಆರನೆಯ ದಿನ, ಶನಿವಾರ

ಈ ಕ್ರೀಡಾಂಗಣದಲ್ಲಿ 1,02,733 ಆಸನಗಳಿವೆ. ನನಗೆ ಬೇಕಾದದ್ದು ಆ ಸಂಖ್ಯೆಯಲ್ಲ, ಅದರ ಹೆಸರು. ಎಡ್ವಿನ್ ಜ್ಯಾಕ್ಸನ್ ಕೈಲ್ ತೋಟಗಾರಿಕೆಯ ಮೇಷ್ಟ್ರು. 1904ರಲ್ಲಿ ತನ್ನ ಬೇಸಾಯದ ಕೆಲಸಕ್ಕೆಂದು ಕೊಟ್ಟಿದ್ದ ನೆಲದ ಒಂದು ಭಾಗಕ್ಕೆ ಬೇಲಿ ಹಾಕಿ, ಹುಡುಗರ ಆಟಕ್ಕೆ ಬಿಟ್ಟುಕೊಟ್ಟು, ಐನೂರು ಜನ ಕೂಡುವ ಮರದ ಮೆಟ್ಟಿಲುಗಳನ್ನು ಹಾಕಿಸಿದ. ಅಮೆರಿಕದ ಅತಿ ದೊಡ್ಡ ಕ್ರೀಡಾಂಗಣಗಳಲ್ಲಿ ಒಂದು ಕೃಷಿ ಪ್ರಾಧ್ಯಾಪಕನ ಪ್ರಯೋಗ ತಾಕು!

ಆಟದ ನಿಯಮ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿದದ್ದು ಎದುರು ಬದಿಯ ವಿದ್ಯಾರ್ಥಿಗಳು ಆಟ ಮುಗಿಯುವವರೆಗೆ ಒಂದು ಕ್ಷಣವೂ ಕೂಡುವುದಿಲ್ಲ ಎಂಬುದು. ಕಾರಣ 1922ರ ಜನವರಿ 2ರದು. ಡಲ್ಲಾಸ್‌ನಲ್ಲಿ ಬಲಿಷ್ಠವಾದ ಸೆಂಟರ್ ಕಾಲೇಜಿನ ವಿರುದ್ಧ ಪಂದ್ಯ. ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬರುತ್ತಿದ್ದಾಗ, ತಂಡವನ್ನು ಬಿಟ್ಟು ಮೇಲೆ ವರದಿಗಾರರ ಜೊತೆ ಕುಳಿತಿದ್ದ ಕಿಂಗ್ ಗಿಲ್ ಎಂಬ ಹುಡುಗನನ್ನು ತರಬೇತುದಾರ ಡೇನಾ ಬೈಬಲ್ ಕರೆಸಿದ. ಗಿಲ್ ಆಟದ ಉಡುಪು ತೊಟ್ಟು ಅಂಚಿನಲ್ಲಿ ನಿಂತ. ತಂಡ 22–14ರಿಂದ ಗೆದ್ದಿತು, ಅವನು ಮೈದಾನಕ್ಕೆ ಇಳಿಯುವ ಪ್ರಸಂಗವೇ ಬರಲಿಲ್ಲ. ಅಷ್ಟೇ ಕಥೆ. ಇಲ್ಲಿ ಅವನಿಗೆ ಹನ್ನೆರಡನೆಯ ಆಟಗಾರನೆಂದೇ ಹೆಸರು; ತಾವೂ ಅವನಂತೆ ಸಿದ್ಧರೆಂದು ತೋರಿಸಲೆಂದೇ ಹುಡುಗರು ನಿಲ್ಲುವುದು. ಹನ್ನೆರಡನೆಯ ಆಟಗಾರನೆಂದರೆ ಕ್ರಿಕೆಟ್ಟಿನಲ್ಲಿ ನೀರಿನ ಬಾಟಲಿ ಹೊತ್ತು ಬರುವವನೆಂದು ತಿಳಿದ ನಾನು, ಏನೂ ಮಾಡದೆ ಬರಿದೇ ಸಿದ್ಧನಾಗಿ ನಿಂತವನಿಗೆ ಹೊರಗೆ ಪ್ರತಿಮೆಯಿರುವುದನ್ನು ಕಂಡೆ. ಟೆರೆಲ್‌ನ ವರ್ತಕರು ಎತ್ತಿಟ್ಟ ಹಣದ ಹಾಗೆ, ಅವನೂ ಖರ್ಚಾಗಲಿಲ್ಲ.

ರೆವೆಲಿ ಎಂಬ ಕೋಲಿ ಜಾತಿಯ ನಾಯಿಯೂ ಬಂದಿತ್ತು. 1931ರಲ್ಲಿ ಕೆಲವು ಕೆಡೆಟ್‌ಗಳ ಕಾರಿಗೆ ಸಿಕ್ಕ ಬೀದಿನಾಯಿಯೊಂದನ್ನು ಅವರು ಕೋಣೆಗೆ ತಂದು ಆರೈಕೆ ಮಾಡಿದರಂತೆ. ಮುಂಜಾನೆಯ ಕಹಳೆಗೆ ಅದು ಬೊಗಳಿದ್ದರಿಂದ ಆ ಕಹಳೆಯ ಹೆಸರೇ ಅದಕ್ಕೆ ಬಂತು. ಈಗಿನದು ಸೈನಿಕ ದಳದಲ್ಲೇ ಅತ್ಯುನ್ನತ ಪದವಿಯದು; ತರಗತಿಯಲ್ಲಿ ಅದು ಬೊಗಳಿದರೆ ಪಾಠ ಮುಗಿಯಿತೆಂದು ಅರ್ಥ. ಹಿಂದಿನ ರೆವೆಲಿಗಳ ಸಮಾಧಿಗಳು ಕ್ರೀಡಾಂಗಣದ ಉತ್ತರಕ್ಕಿವೆ, ಅವುಗಳಿಗೆ ಕಾಣುವಂತೆ ಅಂಕಗಳ ಫಲಕವನ್ನೂ ಇಟ್ಟಿದ್ದಾರೆ.

ಮೂರನೆಯ ಕಾಲಭಾಗದ ಹೊತ್ತಿಗೆ ನನ್ನ ಮಂಡಿ ಸೋತಿತು. ನಮ್ಮ ಬದಿಯಲ್ಲಿ ಕೂಡುವುದಕ್ಕೆ ಅಡ್ಡಿಯಿರಲಿಲ್ಲ, ಕುಳಿತೆ. ಹೆಂಡತಿ ಕೊನೆಯವರೆಗೂ ನಿಂತಿದ್ದಳು.

ಏಳನೆಯ ದಿನ, ಭಾನುವಾರ

ಹ್ಯೂಸ್ಟನ್‌ಗೆ ಮರಳುವ ದಾರಿಯಲ್ಲಿ ಹೆಂಪ್‌ಸ್ಟೆಡ್ ದಾಟಿದ ಮೇಲೆ ಪ್ರೈರಿ ವ್ಯೂ ಎಂಬ ಚಿಕ್ಕ ಊರು ಬರುತ್ತದೆ. ಅಳಿಯ ಈ ದಾರಿಯಲ್ಲಿ ನೂರಾರು ಸಲ ಓಡಾಡಿದ್ದರೂ ಒಮ್ಮೆಯೂ ಇಲ್ಲಿ ಇಳಿದಿರಲಿಲ್ಲ. ಕಾರು ನಿಲ್ಲಿಸಲು ನಾನು ಹೇಳಿದೆ.

ಬಿಳಿಯರ ಕಾಲೇಜು ತೆರೆದ 1876ರಲ್ಲೇ ಟೆಕ್ಸಸ್ ಶಾಸಕರು ಕಪ್ಪು ಜನರಿಗೆಂದು ಬೇರೊಂದು ಕೃಷಿ ಕಾಲೇಜನ್ನು ಮಂಜೂರು ಮಾಡಿದ್ದರು. ಅದಕ್ಕೆ ಕೊಟ್ಟ ಜಾಗ ಆಲ್ಟಾ ವಿಸ್ಟಾ ಎಂಬ ಹಳೆಯ ಪ್ಲಾಂಟೇಶನ್. ಗುಲಾಮರು ದುಡಿದ ನೆಲದಲ್ಲೇ ಅವರ ಮಕ್ಕಳಿಗೆ ಶಾಲೆ. 1878ರ ಮಾರ್ಚ್‌ನಲ್ಲಿ ಅದು ಬಾಗಿಲು ತೆರೆಯಿತು, ಹಣವಿಲ್ಲದೆ ತತ್ತರಿಸಿತು, ಶಿಕ್ಷಕರನ್ನು ತಯಾರಿಸುವ ಶಾಲೆಯಾಗಿ ರೂಪ ಬದಲಿಸಿ ಬದುಕಿತು. 1890ರ ಎರಡನೆಯ ಮೊರಿಲ್ ಕಾಯ್ದೆಯು, ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ, ಇಲ್ಲವೇ ಅವರಿಗೂ ಒಂದು ಕಾಲೇಜಿಗೆ ಪಾಲು ಕೊಡಿ ಎಂದ ಮೇಲೆ ಇದೂ ಲ್ಯಾಂಡ್ ಗ್ರಾಂಟ್ ಪಂಕ್ತಿಗೆ ಬಂತು. 1915ರಿಂದ ಕಪ್ಪು ರೈತರ ಹೊಲಗಳಿಗೆ ಹೋಗುವ ವಿಸ್ತರಣಾ ಏಜೆಂಟರು ಹೊರಟದ್ದು ಇಲ್ಲಿಂದಲೇ. ಧಾರವಾಡದ ನಮ್ಮ ಮೇಷ್ಟ್ರು 1890 ಎಂಬ ಇಸವಿಯನ್ನು ಕರಿಹಲಗೆಯ ಮೇಲೆ ಬರೆದ ನೆನಪು ನನಗಿಲ್ಲ.

ಭಾನುವಾರದ ಬೆಳಗಾದ್ದರಿಂದ ಆವರಣದಲ್ಲಿ ಹೆಚ್ಚು ಜನರಿರಲಿಲ್ಲ. ಮರದ ನೆರಳಿನಲ್ಲಿ ನಡೆಯುತ್ತ, ಅಲ್ಲಿ ಮೊದಲು ಹೆಸರು ಬರೆಸಿದವರು ಆರು ಮಂದಿ, ಇಲ್ಲಿ ಎಂಟು ಮಂದಿ ಎಂದು ಹೇಳಿದೆ. ಹೆಂಡತಿ, “ಆ ಎಂಟೂ ಮಂದಿ ಹೆಸರು ಎಲ್ಲಿಯಾದರೂ ಬರದಿಟ್ಟಾರೇನು?” ಎಂದು ಕೇಳಿದಳು. ಅಳಿಯ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಫಲಕವೇನಾದರೂ ಇದೆಯೇ ಎಂದು ನೋಡಲು ನಮ್ಮಿಬ್ಬರಿಗಿಂತ ಮುಂದೆ ನಡೆದ.